ಹಾವಸೆಯ ಮೇಲೆ ಸಾರಿದ ಯುದ್ಧ

ಜೂನ್ ಮುಗಿಯುವ ಹೊತ್ತಿಗೆ ಮುಂಬಯಿಯ ಸೊಸೈಟಿಗಳಲ್ಲಿ ಹಸಿರು ಕ್ರಾಂತಿಯೇ ಆಗಿಬಿಡುತ್ತದೆ. ಕಾಂಪೌಂಡ್ ಗೋಡೆ, ಕುಂಡದ ಅಂಚು, ತೋಟದ ಕಾಲುದಾರಿ... ಎಲ್ಲೆಲ್ಲೂ ಹಾವಸೆ. ಮರಾಠಿ ನೆರೆಯವರು ಶೇವಾಳ ಅನ್ನುತ್ತಾರೆ. ಹೆಸರು ಯಾವುದಾದರೇನು, ಬ್ಲೀಚಿಂಗ್ ಪೌಡರ್ ಮಾತ್ರ ತಪ್ಪದು! ಕಾಲು ಜಾರುವ ಮೆಟ್ಟಿಲಿನ ಮೇಲಿನದನ್ನು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೋಟದ ಮಣ್ಣಿನಲ್ಲಿ ಬೆಳೆದದ್ದರ ಮೇಲೂ ಇಷ್ಟೊಂದು ಹಗೆ ಏಕೆ? ಈ ಹಗೆಗೆ ಒಂದು ಇತಿಹಾಸವಿದೆ.

ಹಾವಸೆಗೆ ಲಿವರ್‌ವರ್ಟ್ ಎಂಬ ದಾಯಾದಿಯೊಂದಿದೆ. ಕುಂಡದ ಒದ್ದೆ ಮಣ್ಣಿಗೆ ಅಂಟಿಕೊಂಡು ಹರಡುವ ಚಪ್ಪಟೆ ಹಸಿರು ಗಿಡ ಅದು. ನೋಡಲು ಯಕೃತ್ತಿನಂತಿದೆ, ಹಾಗಾಗಿ ಯಕೃತ್ತಿನ ಕಾಯಿಲೆಗೆ ಮದ್ದು ಎಂದು ಹಿಂದೆ ಯುರೋಪಿನವರು ನಂಬಿದ್ದರು. ಲಿವರ್ ಎಂಬ ಹೆಸರು ಬಂದದ್ದೇ ಹಾಗೆ. 1713ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಜಾನ್ ಮಾರ್ಷಾಂ ಇದರ ಒಂದು ಕುಲಕ್ಕೆ ತನ್ನ ತಂದೆ ನಿಕೊಲಾ ಮಾರ್ಷಾಂ ನೆನಪಿನಲ್ಲಿ ಮಾರ್ಕಾಂಶಿಯ ಎಂದು ಹೆಸರಿಟ್ಟ. ಅಪ್ಪನ ಹೆಸರಿಡುವಷ್ಟು ಮರ್ಯಾದೆಯಿದ್ದ ಗಿಡ ಕಳೆಯಾಗಿದ್ದು ಹೇಗೆ?

ಹಾವಸೆಯ ಮಟ್ಟಿಗಂತೂ ದೊಡ್ಡ ಕಾರಣ ಲಾನ್. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಜುಂಗು ಸವರುವ ಯಂತ್ರವೇ ಅವನಿಗೆ ಸ್ಫೂರ್ತಿ. ಅಲ್ಲಿಯವರೆಗೆ ಕುಡುಗೋಲಿನ ಆಳುಗಳನ್ನೋ ಕುರಿಮಂದೆಯನ್ನೋ ಸಾಕಬಲ್ಲ ಶ್ರೀಮಂತರ ಸೊತ್ತಾಗಿದ್ದ ಲಾನ್, ಕ್ರಮೇಣ ಮಧ್ಯಮವರ್ಗದ ಅಂಗಳಕ್ಕೂ ಇಳಿಯಿತು. ಬ್ರಿಟಿಷರ ಬಂಗಲೆಗಳ ಜೊತೆ ನಮ್ಮ ದೇಶಕ್ಕೂ ಬಂತು. ಲಾನಿನ ಕಾನೂನು ಒಂದೇ: ಹುಲ್ಲು ಬಿಟ್ಟು ಬೇರೇನೂ ಇರಕೂಡದು. ಇಂಗ್ಲೆಂಡಿನ ತೇವಕ್ಕೂ ನೆರಳಿಗೂ ಹಾವಸೆ ಸಹಜವಾಗಿ ಬರುತ್ತದೆ. ಬಂದದ್ದು ಅಪರಾಧಿಯಾಯಿತು!

ಶಿಕ್ಷೆಗಳೂ ಒಂದೆರಡಲ್ಲ. ಫೆರಸ್ ಸಲ್ಫೇಟ್ ಹಾಕಿದರೆ ಹಾವಸೆ ಕಪ್ಪಗಾಗಿ ಸಾಯುತ್ತದೆ, ಕುಂಟೆಯಿಂದ ಎಳೆದು ತೆಗೆಯಬಹುದು. ಅಷ್ಟಕ್ಕೇ ಸುಮ್ಮನಾಗದೆ 20ನೆಯ ಶತಮಾನದಲ್ಲಿ ಕ್ಯಾಲೊಮೆಲ್, ಅಂದರೆ ಪಾದರಸದ ಲವಣವನ್ನೂ ಲಾನಿಗೆ ಹಾಕಿದರು. ಮಕ್ಕಳು ಆಡುವ ಹುಲ್ಲಿಗೆ ಪಾದರಸ! ಮುಂದೆ ಯುರೋಪಿನಲ್ಲಿ ಅದು ನಿಷೇಧವಾಯಿತು. ಇಷ್ಟೆಲ್ಲಾ ಮಾಡಿದರೂ ಹಾವಸೆ ತಿರುಗಿ ಬರುತ್ತಲೇ ಇತ್ತು. ಏಕೆಂದರೆ ಕೊಂದದ್ದು ಗಿಡವನ್ನು. ನೆರಳು, ನಿಂತ ನೀರು, ಗಟ್ಟಿಯಾದ ಮಣ್ಣು ಹಾಗೇ ಉಳಿದಿದ್ದವು.

ಈಗ ಜಪಾನಿಗೆ ಬನ್ನಿ. ಕ್ಯೋಟೋದ ಸೈಹೋಜಿ ದೇವಾಲಯದ ತೋಟವನ್ನು 1339ರಲ್ಲಿ ಝೆನ್ ಗುರು ಮುಸೋ ಸೊಸೆಕಿ ಮರುರೂಪಿಸಿದ. ಹಾವಸೆ ಅವನ ಯೋಜನೆಯಲ್ಲಿ ಇರಲಿಲ್ಲ. ಶತಮಾನಗಳ ನಂತರ, ಆರೈಕೆಗೆ ಹಣವಿಲ್ಲದ ಕಾಲದಲ್ಲಿ ಅದು ತಾನಾಗಿ ಹಬ್ಬಿತು. ಅವರು ಕಿತ್ತೆಸೆಯಲಿಲ್ಲ. ಇಂದು ಅಲ್ಲಿ ಸುಮಾರು 120 ಬಗೆಯ ಹಾವಸೆಗಳಿವೆ. ಕಾಲ್ತುಳಿತದಿಂದ ಅವನ್ನು ಕಾಪಾಡಲು 1977ರಿಂದ ಮುಂಗಡ ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. 1994ರಲ್ಲಿ ತೋಟ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಒಂದು ಕಡೆ ಪಾದರಸ, ಇನ್ನೊಂದು ಕಡೆ ಕಾವಲು!

ಹಾಗಾದರೆ ನಮ್ಮ ಕುಂಡಗಳ ಗತಿ? ಲಿವರ್‌ವರ್ಟಿನ ಮೈಮೇಲೆ ಪುಟ್ಟ ಬಟ್ಟಲುಗಳಿರುತ್ತವೆ. ಅದರೊಳಗಿನ ಹಸಿರು ಕಣಗಳು ಮಳೆಹನಿ ಬಿದ್ದಾಗ ಚಿಮ್ಮಿ ಪಕ್ಕದ ಕುಂಡ ಸೇರುತ್ತವೆ. ಆದ್ದರಿಂದ ಬಟ್ಟಲು ಕಾಣುವ ಮೊದಲೇ ಮೇಲ್ಪದರದ ಮಣ್ಣಿನ ಸಮೇತ ಕೆರೆದು ತೆಗೆಯಿರಿ. ಮಣ್ಣು ಸಡಿಲಿಸಿ, ನೀರು ಬಸಿದುಹೋಗಲು ಬಿಡಿ, ಗೊಬ್ಬರ ಮಿತವಾಗಿರಲಿ, ಕೊಂಬೆ ಸವರಿ ಬಿಸಿಲು ತನ್ನಿ. ವಿಷ ಬೇಕಾಗಿಲ್ಲ.

ಹಾವಸೆಗೆ ನಿಜವಾದ ಬೇರಿಲ್ಲ. ಆದರೂ ಸಿಕ್ಕ ಜಾಗದಲ್ಲಿ, ಇದ್ದ ತೇವದಲ್ಲಿ ಬದುಕು ಕಟ್ಟಿಕೊಳ್ಳುತ್ತದೆ. ಊರು ಬಿಟ್ಟು ಬಂದು ಇಲ್ಲಿ ನೆಲೆನಿಂತ ನಮಗೆ ಅದರ ಕಷ್ಟ ಅರ್ಥವಾಗದಿದ್ದರೆ ಇನ್ಯಾರಿಗೆ ಆದೀತು? ಮೆಟ್ಟಿಲಿನದನ್ನು ತೆಗೆಯೋಣ. ಮರದ ಬುಡದಲ್ಲಿ, ಯಾರ ಕಾಲಿಗೂ ಸಿಗದ ಕಡೆ ಇದ್ದರೆ ಇದ್ದುಕೊಳ್ಳಲಿ ಬಿಡಿ.