ಓಲೆಯ ಅಂಚಿನ ಬರಹಗಳು

ಗ್ರಂಥವನ್ನೋದುವವನು ಅದರ ಅಂಚಿನಲ್ಲಿ ತನ್ನ ಕೈಯಿಂದ ಏನನ್ನಾದರೂ ಬರೆಯಬಹುದೆ, ಕೂಡದೆ? ಪಾಠಶಾಲೆಗಳಲ್ಲಿ ಹಲವು ಸಲ ಏಳುವ ಪ್ರಶ್ನೆಯಿದು. ಪುಸ್ತಕವು ಪೂಜಾರ್ಹವಾದ ವಸ್ತುವೆಂದು ಬಗೆಯುವ ಹಿರಿಯರು ಸರ್ವಥಾ ಕೂಡದೆನ್ನುವರು. ಆದರೆ ನಮ್ಮ ಪೂರ್ವಿಕರ ಓಲೆಯ ಕಟ್ಟುಗಳನ್ನು ಬಿಚ್ಚಿ ನೋಡಿದವರಿಗೆ ಬೇರೊಂದು ಸಂಗತಿಯು ಗೋಚರಿಸುವುದು.

ನಮ್ಮ ನಾಡಿನ ಲಿಪಿಕಾರನು ತಾಳೆಯೋಲೆಯ ಮೇಲೆ ಮಸಿಯಿಂದ ಬರೆಯುತ್ತಿರಲಿಲ್ಲ. ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಬಳಿಕ ಕಾಡಿಗೆಯನ್ನು ಸವರಿ ಒರಸುತ್ತಿದ್ದನು. ಕೊರೆದ ಗೆರೆಗಳಲ್ಲಿ ಮಾತ್ರ ಕಪ್ಪು ನಿಲ್ಲುತ್ತಿದ್ದಿತು. ಕೊರೆದುದನ್ನು ಅಳಿಸುವುದೆಂತು? ಆದುದರಿಂದ ಪದವೊಂದು ಬಿಟ್ಟುಹೋದಲ್ಲಿ ಹಂಸಪಾದವನ್ನಿಟ್ಟು, ಬಿಟ್ಟ ಪದವನ್ನು ಅಂಚಿನಲ್ಲಿಯೋ ಪಂಕ್ತಿಗಳ ನಡುವೆಯೋ ಬರೆಯುವರು. ತಪ್ಪಾದ ಅಕ್ಷರವನ್ನು ಗೆರೆಯಿಂದ ಹೊಡೆದುಹಾಕುವರು. ಕಾಗದದ ಪ್ರತಿಗಳು ಬಂದ ಮೇಲೆ ಬಣ್ಣಗಳೂ ಬಂದವು. ಸಂಸ್ಕೃತದ ಕಾಗದದ ಪ್ರತಿಗಳಲ್ಲಿ ಅಧ್ಯಾಯದ ಸಮಾಪ್ತಿವಾಕ್ಯಕ್ಕೆ ಕಾವಿಯನ್ನು ಬಳಿದು ಎತ್ತಿ ತೋರಿಸುವುದೂ, ತಪ್ಪನ್ನು ಮುಚ್ಚಲು ಹಳದಿಯ ಹರಿತಾಳವನ್ನು ಲೇಪಿಸುವುದೂ ಉಂಟು. ಇಂದಿನ ವಿದ್ಯಾರ್ಥಿಗಳು ಮುಖ್ಯವೆಂದು ತೋರಿದ ಸಾಲಿಗೆಲ್ಲ ಹಳದಿ ಬಳಿಯುವುದನ್ನು ಆ ಲಿಪಿಕಾರನು ಕಂಡಿದ್ದರೆ, ಒಂದು ಪುಟದಲ್ಲಿ ಇಷ್ಟೊಂದು ತಪ್ಪುಗಳೆ ಎಂದು ಬೆರಗಾಗುತ್ತಿದ್ದನೇನೋ!

ಶಿವಶರಣರ ವಚನಗಳ ವಿಷಯದಲ್ಲಿ ಈ ಅಂಚಿನ ಬರಹವು ಉಪಕಾರವನ್ನೂ ಮಾಡಿದೆ, ಅಪಾಯವನ್ನೂ ತಂದಿದೆ. 15ನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಆಳ್ವಿಕೆಯಿಂದ ಮೊದಲ್ಗೊಂಡು, ವಚನಗಳನ್ನು ಸಂಕಲಿಸಿ ಸ್ಥಲಕಟ್ಟಿಗೆ ಜೋಡಿಸುವ ಮತ್ತು ಟೀಕು ಬರೆಯುವ ಕಾರ್ಯವು ವಿಶೇಷವಾಗಿ ನಡೆಯಿತು. ಅಲ್ಲಮಪ್ರಭುದೇವರ ಬೆಡಗಿನ ವಚನಗಳಲ್ಲಿಯ ಸಂಕೇತಗಳು ನಮಗೆ ಇಂದು ಕಿಂಚಿತ್ತಾದರೂ ತಿಳಿಯುತ್ತಿದ್ದರೆ ಅದಕ್ಕೆ ಇಂಥ ಟೀಕುಗಳೇ ಮುಖ್ಯಾಧಾರ. ಆದರೆ ಅದೇ ಕಂಟ, ಅದೇ ಕಾಡಿಗೆ. ಓದುಗನು ಪಂಕ್ತಿಗಳ ನಡುವೆ ಬರೆದ ಅರ್ಥವನ್ನು ಮುಂದಿನ ಲಿಪಿಕಾರನು ಬಿಟ್ಟುಹೋದ ಪದವೆಂದೇ ಭಾವಿಸಿ ಮೂಲದೊಳಗೆ ಸೇರಿಸಿಬಿಡುವ ಸಂಭವವುಂಟು. ಷಟ್ಪದಿಯಲ್ಲಿ ಹೀಗಾದರೆ ಮಾತ್ರೆಯು ಹೆಚ್ಚಿ ದೋಷವು ಕೂಡಲೇ ಹೊರಬೀಳುವುದು. ವಚನಕ್ಕೆ ಛಂದಸ್ಸಿನ ಕಾವಲಿಲ್ಲ. ಅಂಕಿತವೋ ಕೊನೆಯಲ್ಲಿ ಮಾತ್ರ ನಿಂತಿರುವುದು. ನಡುವೆ ನುಸುಳಿದ ಪರರ ಮಾತು ಶರಣರ ಮಾತಾಗಿಯೇ ಉಳಿದು, ನಾವು ಅದನ್ನು ಪ್ರಮಾಣವೆಂದು ಉದಾಹರಿಸುತ್ತೇವೆ. ಹಲವು ಪ್ರತಿಗಳನ್ನು ಹೋಲಿಸಿ ನೋಡುವುದೊಂದೇ ಇದಕ್ಕೆ ಉಪಾಯ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗಳನ್ನು ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದ ಶ್ರಮದ ಬೆಲೆಯು ಇದರಿಂದ ತಿಳಿಯುವುದು.

ಹಾಗಾದರೆ ಬರೆಯಲೇ ಕೂಡದೆ? ಸ್ವಂತದ ಅಚ್ಚಿನ ಪುಸ್ತಕದಲ್ಲಿ ಸೀಸದಕಡ್ಡಿಯಿಂದ ಬರೆಯುವ ಶಿಷ್ಯನನ್ನು ನಾನಂತೂ ತಡೆಯಲಾರೆನು; ಅವನು ಓದಿದನೆಂಬುದಕ್ಕೆ ಅದೊಂದು ಸಾಕ್ಷಿ. ಮಠದ ಭಂಡಾರದ ಓಲೆಗೆ ಮಾತ್ರ ಯಾರೂ ಒಂದು ಚುಕ್ಕೆಯನ್ನೂ ಇಡತಕ್ಕದ್ದಲ್ಲ.

ಇದಕ್ಕಿಂತ ಹೆಚ್ಚಿನ ಚಿಂತೆಗೆ ಕಾರಣವಾದುದು ಬೇರೆ. ಓಲೆಗಳನ್ನು ಗಣಕಯಂತ್ರಕ್ಕೆ ಬರೆದಿಳಿಸುವವರು ಮೂಲಪಾಠವನ್ನಷ್ಟೇ ತೆಗೆದುಕೊಂಡು ಅಂಚನ್ನು ಕೈಬಿಟ್ಟರೆ ಗತಿಯೇನು? ಲಿಪಿಕಾರನು ಕೊನೆಯ ಓಲೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನು ಕೊಟ್ಟು, ಬೆನ್ನು ಬಾಗಿಸಿ ಬರೆದ ತನ್ನ ಕಷ್ಟವನ್ನೂ ತೋಡಿಕೊಳ್ಳುವುದುಂಟು. ಶಕವರ್ಷವಿಲ್ಲದೆ ಸಂವತ್ಸರದ ಹೆಸರು ಮಾತ್ರವಿದ್ದರೆ, ಅದು 60 ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ, ಕಾಲವು ನಿಶ್ಚಯವಾಗದು. ಆಗ ಅಂಚಿನಲ್ಲಿ ಯಾರೋ ಗೀಚಿದ ಒಡೆಯನ ಹೆಸರು, ಗುರುವಿನ ಹೆಸರು, ಊರಿನ ಹೆಸರುಗಳೇ ನಿರ್ಣಯಕ್ಕೆ ದಾರಿ ತೋರುವುವು.

ಮನೆಯ ಜಗಲಿಯ ಮೇಲೆ ಇಂಥ ಕಟ್ಟುಗಳನ್ನಿಟ್ಟು ಪೂಜಿಸುವ ಸದ್ಭಕ್ತರು, ಅವುಗಳನ್ನು ನೀರಿನಿಂದ ತೊಳೆಯದೆ, ಓಲೆಗಳ ಕ್ರಮವನ್ನು ಕದಲಿಸದೆ, ಇದ್ದ ಹಾಗೆಯೇ ಶ್ರೀಮಠಕ್ಕೆ ತಂದು ತೋರಿಸಬೇಕೆಂದು ವಿಜ್ಞಾಪನೆ. ಅಂಚು ಮುರಿದು ಉದುರಿದ ಚೂರುಗಳಿದ್ದರೆ ಅವನ್ನೂ ಅದೇ ಬಟ್ಟೆಯಲ್ಲಿ ಕಟ್ಟಿ ತರುವುದು.