ಹಳೆಯ ಪಿಕಪ್ಪಿನ ನಾಡಿಪರೀಕ್ಷೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ಊರುಗಳ ಪೈಕಿ ರೈಲಿನ ಸಿಳ್ಳು ಕೇಳಿಬರುವುದು ಕೃಷ್ಣರಾಜನಗರದಲ್ಲಿ ಮಾತ್ರ. ಉಳಿದ ಮೂರು ಊರುಗಳ ಸರಕೆಲ್ಲ ಅಂದೂ ಇಂದೂ ರಸ್ತೆಯನ್ನೇ ನಂಬಿದೆ. ಹೊಗೆಸೊಪ್ಪಿನ ಬೇಲಾಗಲಿ, ಭತ್ತದ ಮೂಟೆಯಾಗಲಿ, ಶುಂಠಿಯಾಗಲಿ, ಹೊಲದಿಂದ ಪೇಟೆಗೆ ತಲಪುವುದು ಬಹುಮಟ್ಟಿಗೆ ಒಂದು ಹಳೆಯ ಪಿಕಪ್ ಗಾಡಿಯ ದಯೆಯಿಂದ. ಆ ಗಾಡಿ ಹರಾಜಿನ ದಿನದ ಬೆಳಿಗ್ಗೆಯೇ ಮುಷ್ಕರ ಹೂಡಿದರೆ ಮನೆಯ ಯಜಮಾನನ ಪಾಡೇನೆಂಬುದನ್ನು ಓದುಗರಿಗೆ ಬೇರೆ ಹೇಳಬೇಕಾಗಿಲ್ಲ.

ಗಾಡಿಯ ವೈದ್ಯ ಈ ಸೀಮೆಗೆ ಹೊಸದಲ್ಲ. ಮೈಸೂರು ಅರಸರ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ತಳೆಯಿತಷ್ಟೆ. ತೋಪುಗಳನ್ನೂ ಸೈನ್ಯದ ಸಾಮಾನನ್ನೂ ಎಳೆಯುವ ಎತ್ತುಗಳನ್ನು ಬೆಳೆಸಿದ ಆ ಇಲಾಖೆಗೆ ಬ್ರಿಟಿಷರ ಕಾಲದಲ್ಲಿ ಹುಣಸೂರು ಕೇಂದ್ರವಾಗಿತ್ತು. ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಅಂಗಳ ಎಲ್ಲವೂ ಅಲ್ಲಿದ್ದವು. 1864ರಲ್ಲಿ ಅವು ಮುಚ್ಚಿಹೋದರೂ ಕಲಿತ ಕೈಗಳು ಊರಿನಲ್ಲಿಯೇ ಉಳಿದವು. ಗಾಡಿ ಕಟ್ಟುವ ಕಸುಬು ಮುಂದುವರಿಯಿತು. ಅಚ್ಚು ಕಿರುಗುಟ್ಟುವ ಬಗೆಯನ್ನು ಕೇಳಿಯೇ ಎಣ್ಣೆ ಒಣಗಿದೆಯೋ, ಗುಂಬ ಸವೆದಿದೆಯೋ ಎಂದು ಹೇಳಬಲ್ಲ ಕಿವಿ ಹಳೆಯ ಬಡಗಿಗೆ ಇತ್ತು. ಮೋಟಾರು ಬಂದಮೇಲೆ ರೋಗಗಳು ಬದಲಾದವು. ಆದರೆ ಕಿವಿ, ಕಣ್ಣು, ಮೂಗುಗಳ ಕೆಲಸ ತಪ್ಪಲಿಲ್ಲ.

ಇಲ್ಲಿ ಒಂದು ಮಾತನ್ನು ತಾವು ನೆನಪಿನಲ್ಲಿಡಬೇಕು. ಕೆಟ್ಟ ಗಾಡಿಯ ಮುಂದೆ ನಿಂತಾಗ ಮೊದಲು ಕೇಳಬೇಕಾದ ಪ್ರಶ್ನೆ "ಏನಾಗಿದೆ?" ಎಂಬುದಲ್ಲ, "ಇದು ಯಾವ ಕಾಲದ್ದು?" ಎಂಬುದು. ಕಾಲ ತಿಳಿದರೆ ಎಲ್ಲಿ ಹುಡುಕಬೇಕೆಂಬುದು ಅರ್ಧ ತಿಳಿದಂತೆ.

ಮೊದಲನೆಯದು ಪೆಟ್ರೋಲಿನ ಕಾಲ. ಮಹೀಂದ್ರ ಕಂಪೆನಿಯು 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಯುದ್ಧಕಾಲದ ಜೀಪಿಗೆ ಆರು ವೋಲ್ಟಿನ ಬ್ಯಾಟರಿ. ಆಮೇಲೆ ಹನ್ನೆರಡು ವೋಲ್ಟು ರೂಢಿಗೆ ಬಂತು. ಈ ಗಾಡಿಗಳಲ್ಲಿ ಕಿಡಿ ಹುಟ್ಟಿಸುವ ಏರ್ಪಾಡು ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ರೂಪಿಸಿದ್ದು: ಬ್ಯಾಟರಿ, ಕಾಯಿಲ್, ತೆರೆದು ಮುಚ್ಚುವ ಪಾಯಿಂಟು, ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರು. ಇಂಥ ಎಂಜಿನ್ನು ಹೊರಡದಿದ್ದರೆ ಕಿಡಿ ಇದೆಯೇ, ಪೆಟ್ರೋಲು ಬರುತ್ತಿದೆಯೇ ಎಂಬ ಎರಡು ಪ್ರಶ್ನೆಗಳಲ್ಲಿ ಬಹುಪಾಲು ಉತ್ತರ ಅಡಗಿದೆ. ನಾಗರಹೊಳೆಯ ಅಂಚಿನ ಊರುಗಳಲ್ಲಿ ಮುಂಗಾರಿನ ಬೆಳಿಗ್ಗೆ ಜೀಪು ಮೊಂಡು ಹಿಡಿದರೆ, ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗಿನ ತೇವವನ್ನು ಒಣಬಟ್ಟೆಯಿಂದ ಒರಸಿದರೆ ಎಷ್ಟೋ ಸಲ ಸಾಕು. ಬೇಸಗೆಯ ಏರುದಾರಿಯಲ್ಲಿ ನಿಂತುಹೋಗಿ, ಆರಿದಮೇಲೆ ತಾನಾಗಿ ಹೊರಟರೆ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿರುವ ಸಂಭವವುಂಟು; ಒದ್ದೆಬಟ್ಟೆಯನ್ನು ಪಂಪಿಗೆ ಸುತ್ತುವ ಹಳೆಯ ಉಪಾಯದ ಗುಟ್ಟು ಇದೇ.

ರೇಡಿಯೋ ಇಟ್ಟುಕೊಂಡಿರುವವರಿಗೆ ಇನ್ನೊಂದು ಉಪಾಯವೂ ಇದೆ. ಟ್ರಾನ್ಸಿಸ್ಟರನ್ನು ಮೀಡಿಯಂ ವೇವಿನಲ್ಲಿ ಯಾವ ನಿಲಯವೂ ಬಾರದ ಕಡೆಗೆ ತಿರುಗಿಸಿ ಗಾಡಿಯ ಬಳಿ ಹಿಡಿಯಿರಿ. ಎಂಜಿನ್ನನ್ನು ತಿರುಗಿಸಿದಾಗ ಲಯಬದ್ಧವಾದ ಟಕಟಕ ಕೇಳಿಸಿದರೆ ಕಿಡಿ ಹಾರುತ್ತಿದೆಯೆಂದು ಊಹಿಸಬಹುದು. ಕಾರ್ಯಕ್ರಮವನ್ನು ಕೆಡಿಸುವ ಸದ್ದೇ ಇಲ್ಲಿ ಸಾಕ್ಷಿ ಹೇಳುತ್ತದೆ!

ಎರಡನೆಯದು ಡೀಸೆಲಿನ ಕಾಲ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೋ ಕಾರ್ಖಾನೆಯು ಸ್ಪಾರ್ಕ್ ಪ್ಲಗ್ಗುಗಳ ಜೊತೆಗೆ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನೂ ನಮ್ಮ ನಾಡಿನಲ್ಲಿಯೇ ತಯಾರಿಸಲು ದಾರಿಮಾಡಿತು. ಟಾಟಾ 407 ಗಾಡಿ 1986ರಲ್ಲಿಯೂ ಟಾಟಾಮೊಬೈಲ್ ಪಿಕಪ್ 1988ರಲ್ಲಿಯೂ ಬಂದವು. ತಂಬಾಕು ಮಂಡಲಿ ಏರ್ಪಟ್ಟದ್ದು 1976ರಲ್ಲಿ. ಕರ್ನಾಟಕದಲ್ಲಿ ಅದರ ಹರಾಜು ಪದ್ಧತಿ 1984ರಲ್ಲಿ ಆರಂಭವಾಯಿತು. ಹೀಗೆ ಬೇಲುಗಳನ್ನು ಗೊತ್ತಾದ ದಿನ ಗೊತ್ತಾದ ಕಟ್ಟೆಗೆ ಮುಟ್ಟಿಸಬೇಕಾದ ಕಾಲಕ್ಕೂ ಡೀಸೆಲ್ ಪಿಕಪ್ಪು ಬಂದ ಕಾಲಕ್ಕೂ ಹೆಚ್ಚು ಅಂತರವಿಲ್ಲ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಬಿಗಿಯಾಗಿ ಒತ್ತಿದ ಗಾಳಿಯ ಕಾವೇ ಎಣ್ಣೆಯನ್ನು ಹೊತ್ತಿಸುತ್ತದೆ. ಆದ್ದರಿಂದ ಇಲ್ಲಿಯ ಪ್ರಶ್ನೆಗಳು ಬೇರೆ. ಟ್ಯಾಂಕು ಬರಿದಾಗಿ ನಿಂತ ಗಾಡಿಗೆ ಡೀಸೆಲು ತುಂಬಿದರೂ ಹೊರಡದಿದ್ದರೆ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಕೈಪಂಪನ್ನು ಒತ್ತಿ ಆ ಗಾಳಿಯನ್ನು ಹೊರದೂಡಬೇಕು. ಚಳಿಯ ಬೆಳಿಗ್ಗೆ ಮಾತ್ರ ತೊಂದರೆಯಾದರೆ ಗ್ಲೋ ಪ್ಲಗ್ಗುಗಳನ್ನು ನೋಡಬೇಕು. ಹೊಗೆಯೂ ಮಾತನಾಡುತ್ತದೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಇಲ್ಲವೇ ಎಣ್ಣೆ ಹೆಚ್ಚು. ಮಣ್ಣುರಸ್ತೆಯ ಧೂಳು ಕಟ್ಟಿದ ಏರ್ ಫಿಲ್ಟರನ್ನು ಮೊದಲು ಬಿಚ್ಚಿರಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲು ಉರಿಯುತ್ತಿದೆ. ಎಂಜಿನ್ನು ಬಿಸಿಯಾದಮೇಲೂ ಬಿಳಿಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ, ಆ ನೀರು ಸಿಲಿಂಡರಿನೊಳಕ್ಕೆ ಇಳಿಯುತ್ತಿದೆಯೆಂದು ಶಂಕಿಸಬೇಕು. ಆಗ ಗಾಡಿಯನ್ನು ಮುಂದಕ್ಕೆ ಓಡಿಸುವುದು ಜಾಣತನವಲ್ಲ.

ಮೂರನೆಯದು ವಿದ್ಯುನ್ಮಾನದ ಕಾಲ. ಹೊಗೆಯ ಕಟ್ಟಳೆಗಳು ಬಿಗಿಯಾದಂತೆ, ಮುಖ್ಯವಾಗಿ 2017ರ ಭಾರತ್ ಸ್ಟೇಜ್ ನಾಲ್ಕು, 2020ರ ಭಾರತ್ ಸ್ಟೇಜ್ ಆರರ ಹೊತ್ತಿಗೆ, ಎಣ್ಣೆಯನ್ನು ಅಳೆಯುವ ಅಧಿಕಾರ ಯಾಂತ್ರಿಕ ಪಂಪಿನ ಕೈತಪ್ಪಿ ಒಂದು ಪುಟ್ಟ ಕಂಪ್ಯೂಟರಿನ ಪಾಲಾಯಿತು. ಈಗ ಮೆಕ್ಯಾನಿಕ್ಕು ಒಂದು ಉಪಕರಣವನ್ನು ಸಿಕ್ಕಿಸಿ ದೋಷದ ಸಂಖ್ಯೆಯನ್ನು ಓದುತ್ತಾನೆ. ಆದರೆ ಆ ಸಂಖ್ಯೆ ನೋವಿರುವ ಜಾಗವನ್ನು ಹೇಳುತ್ತದೆಯೇ ಹೊರತು ನೋವಿನ ಕಾರಣವನ್ನಲ್ಲ. ಸೆನ್ಸರು ಕೆಟ್ಟಿದೆಯೆಂದು ಅದು ಹೇಳಿದಾಗ ನಿಜವಾಗಿ ಕೆಟ್ಟಿರುವುದು ಅದಕ್ಕೆ ಹೋಗುವ ತಂತಿಯಾಗಿರಬಹುದು. ಆ ತಂತಿಯನ್ನು ಇಲಿ ಕಡಿದಿರಲೂಬಹುದು. ಇದನ್ನು ನೋಡದೆ ಬಿಡಿಭಾಗ ಕೊಂಡವರ ಹಣ ವ್ಯರ್ಥವಾಗುತ್ತದೆ.

ಈ ಮೂರು ಕಾಲಗಳಿಗೂ ಸಾಮಾನ್ಯವಾದ ರೋಗವೊಂದಿದೆ. ಅದೇ ಬ್ಯಾಟರಿ ಮತ್ತು ಅರ್ತಿನದು. ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಬ್ಯಾಟರಿಯ ಮೇಲೆ ವಾಲ್ವ್ ರೇಡಿಯೋ ನಡೆಸಿದ ಹಿರಿಯರಿಗೆ ಅದರ ಗುಣ ಚೆನ್ನಾಗಿ ಗೊತ್ತಿತ್ತು. ಹನ್ನೆರಡು ವೋಲ್ಟಿನ ಒಳ್ಳೆಯ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟು ತೋರಿಸಬೇಕು. ಎಂಜಿನ್ನು ಓಡುವಾಗ 13.8ರಿಂದ 14.4ರವರೆಗೆ ಏರಬೇಕು. ಏರದಿದ್ದರೆ ತಪ್ಪು ಬ್ಯಾಟರಿಯದಲ್ಲ; ಆಲ್ಟರ್ನೇಟರಿನದೋ ಅದರ ಬೆಲ್ಟಿನದೋ ಇರಬೇಕು. ಬ್ಯಾಟರಿ ತುಂಬಿದ್ದೂ ಸ್ಟಾರ್ಟರು ಬರಿದೆ 'ಟಿಕ್' ಎಂದು ಸುಮ್ಮನಾದರೆ ತಂತಿಯ ಕೊನೆಗಳನ್ನೂ ಷಾಸಿಗೆ ಕೂಡಿಸಿದ ಅರ್ತ್ ಪಟ್ಟಿಯನ್ನೂ ಕಳಚಿ ಉಜ್ಜಿ ಬಿಗಿಯಿರಿ. ಆದರೆ ಬ್ಯಾಟರಿಯ ಬಳಿ ಬೆಂಕಿಕಡ್ಡಿ ಗೀರಬೇಡಿ. ಅದರಿಂದೇಳುವ ಜಲಜನಕ ಸಿಡಿಯಬಲ್ಲದು.

ಇಷ್ಟು ಹೊತ್ತು ಹೇಳಿದ್ದು ಹೊರಡದ ಗಾಡಿಯ ವಿಷಯ. ಹೊರಡದ ಗಾಡಿಯಿಂದ ಹಣ ನಷ್ಟ; ನಿಲ್ಲದ ಗಾಡಿಯಿಂದ ಪ್ರಾಣವೇ ನಷ್ಟ. ಬ್ರೇಕಿನ ಪೆಡಲು ಹಿಂಜಿದ ಹತ್ತಿಯಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದ ಪೆಡಲು ಮೆಲ್ಲಗೆ ಕೆಳಗಿಳಿದರೆ ಎಲ್ಲಿಯೋ ಸೋರಿಕೆಯಿದೆ, ಇಲ್ಲವೇ ಮಾಸ್ಟರ್ ಸಿಲಿಂಡರು ಸವೆದಿದೆ. ಗಾಡಿ ಒಂದೇ ಮಗ್ಗುಲಿಗೆ ಎಳೆದರೆ ಯಾವುದೋ ಚಕ್ರದ ಬ್ರೇಕು ಕೆಲಸ ಮಾಡುತ್ತಿಲ್ಲ. ಇವುಗಳಲ್ಲಿ ಯಾವುದು ಕಂಡುಬಂದರೂ ಮೂಟೆಗಳನ್ನು ಇಳಿಸಿಬಿಡಿ. ಹರಾಜು ಮತ್ತೊಂದು ದಿನವೂ ನಡೆಯುತ್ತದೆ.

ಮನೆಯ ಗೋಡೆಯ ಪಂಚಾಂಗದ ಪಕ್ಕದಲ್ಲಿ ಒಂದು ಚಿಕ್ಕ ಪುಸ್ತಕವನ್ನು ತೂಗುಹಾಕಿ. ಗಾಡಿ ಹುಟ್ಟಿದ ವರ್ಷ, ಬ್ಯಾಟರಿ ಕೊಂಡ ತಿಂಗಳು, ಎಣ್ಣೆ ಬದಲಾಯಿಸಿದ ದಿನ, ತೊಂದರೆ ಬಂದದ್ದು ತಣ್ಣಗಿರುವಾಗಲೋ ಬಿಸಿಯಾದಾಗಲೋ, ಮಳೆಯಲ್ಲೋ ಏರಿನಲ್ಲೋ, ಇಷ್ಟನ್ನು ಬರೆದಿಡಿ. ರಿಪೇರಿಯವನ ಬಳಿಗೆ ಹೋಗುವಾಗ ಗಾಡಿಯ ಜೊತೆಗೆ ಆ ಪುಸ್ತಕವನ್ನೂ ಒಯ್ಯಿರಿ. ಒಳ್ಳೆಯ ಕಸುಬುದಾರನು ಸ್ಪ್ಯಾನರು ಹಿಡಿಯುವುದಕ್ಕೆ ಮುಂಚೆ ಅದನ್ನೇ ಕೇಳಿಯಾನು.