ಹಾಳಾದ ಒಂದು ಬೆಳಗ್ಗೆ, ಅದರಿಂದ ಹುಟ್ಟಿದ 'ಮೇಕ್'

ಕಳೆದ ಬೇಸಿಗೆಯಲ್ಲಿ ನಮ್ಮ ಮಂಡಿ ದರದ ಪುಟದಲ್ಲಿ ಟೊಮೆಟೊ ಬಾಕ್ಸ್‌ನ ರೇಟು ತಪ್ಪಾಗಿತ್ತು. ಬೆಳೆಗಾರರೊಬ್ಬರು ಫೋನ್ ಮಾಡಿ ಹೇಳಿದರು. ಕೂಡಲೇ ಫೈಲು ತೆಗೆದು ತಿದ್ದಿದೆವು. ಸಂಜೆ ಮತ್ತೆ ಅವರದೇ ಫೋನು: "ಏನ್ ಸಾಮಿ, ಇನ್ನೂ ಹಳೇ ರೇಟೇ ಐತಲ್ಲ?"

ತಿದ್ದಿದ್ದು ನಿಜ. ಆದರೆ ತಿದ್ದಿದ ಮೇಲೆ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಿ ಸರ್ವರ್‌ಗೆ ಹಾಕಬೇಕಿತ್ತು. ಅದನ್ನೇ ಮರೆತಿದ್ದೆವು. ಅಷ್ಟರಲ್ಲಿ ಅವರ ಪಕ್ಕದ ತೋಟದವರು ಆ ರೇಟು ನಂಬಿ ಮಾಲು ಗಾಡಿಗೆ ಹಾಕಿ ಕಳಿಸಿಯಾಗಿತ್ತು.

ಈ ಮರೆವು ನಮ್ಮದೊಬ್ಬರದೇ ಅಲ್ಲ. ಇದಕ್ಕೆ ಸುಮಾರು 50 ವರ್ಷದ ಇತಿಹಾಸವಿದೆ.

ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್, 1976. ಯುನಿಕ್ಸ್ ಹುಟ್ಟಿದ ಜಾಗ ಅದು. ಸ್ಟೀವ್ ಜಾನ್ಸನ್ ಎಂಬ ಪ್ರೋಗ್ರಾಮರ್ ಬೈದುಕೊಳ್ಳುತ್ತಾ ಸ್ಟುವರ್ಟ್ ಫೆಲ್ಡ್‌ಮನ್ ಅವರ ಕೋಣೆಗೆ ಬಂದರು. ಸರಿಯಾಗೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಅವರ ಬೆಳಗ್ಗೆಯೆಲ್ಲ ಹಾಳಾಗಿತ್ತು. ತಪ್ಪನ್ನು ಮೊದಲೇ ತಿದ್ದಿದ್ದರು, ಆದರೆ ಆ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಅಂದರೆ ಮನುಷ್ಯರು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಿರಲಿಲ್ಲ. ಹಿಂದಿನ ಸಂಜೆ ಫೆಲ್ಡ್‌ಮನ್ ಅವರಿಗೂ ಇದೇ ಕಾಟವಾಗಿತ್ತು. ಆ ವಾರದ ಕೊನೆಯಲ್ಲಿ ಕೂತು ಅವರು ಬರೆದದ್ದೇ 'ಮೇಕ್'.

ಅದರ ಲೆಕ್ಕ ನಮ್ಮ ಅಡುಗೆಮನೆಯದೇ. ಇಡ್ಲಿಗೆ ಅಕ್ಕಿ, ಉದ್ದು ನೆನೆಸಬೇಕು, ರುಬ್ಬಬೇಕು, ಹುದುಗು ಬರಬೇಕು, ಆಮೇಲೆ ಬೇಯಿಸಬೇಕು. ಚಟ್ನಿಗೆ ಉಪ್ಪು ಕಡಿಮೆಯಾಯಿತು ಎಂದು ಯಾರೂ ಹಿಟ್ಟು ಮತ್ತೆ ರುಬ್ಬುವುದಿಲ್ಲ. ಯಾವುದರಿಂದ ಯಾವುದು ಆಗುತ್ತದೆ ಎಂದು ಒಂದು ಫೈಲಿನಲ್ಲಿ ಬರೆದಿಟ್ಟರೆ, ಮೇಕ್ ಪ್ರತಿ ಫೈಲನ್ನು ಕೊನೆಗೆ ಯಾವಾಗ ಬದಲಿಸಿದ್ದೆಂದು ನೋಡುತ್ತದೆ. ಮೂಲ ಫೈಲು ಅದರಿಂದ ತಯಾರಾದದ್ದಕ್ಕಿಂತ ಹೊಸದಾಗಿದ್ದರೆ ಅಷ್ಟನ್ನು ಮಾತ್ರ ಮತ್ತೆ ಮಾಡುತ್ತದೆ. ಇಷ್ಟೇ ಉಪಾಯ. ಈ ಕೆಲಸಕ್ಕೆ ಫೆಲ್ಡ್‌ಮನ್ ಅವರಿಗೆ 2003ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಬಂತು.

ಒಂದು ತಾಪತ್ರಯವೂ ಜೊತೆಗೇ ಹುಟ್ಟಿತು. ಮೇಕ್ ಫೈಲಿನಲ್ಲಿ ಆಜ್ಞೆಯ ಸಾಲು ಟ್ಯಾಬ್ ಕೀಲಿಯಿಂದಲೇ ಶುರುವಾಗಬೇಕು. ಖಾಲಿ ಜಾಗ ಬಿಟ್ಟರೆ ಕಣ್ಣಿಗೆ ಎರಡೂ ಒಂದೇ, ಕೆಲಸ ಮಾತ್ರ ನಡೆಯದು. ಕೆಲವೇ ವಾರಗಳಲ್ಲಿ ಹತ್ತು ಹನ್ನೆರಡು ಜನ ಮೇಕ್ ಬಳಸತೊಡಗಿದ್ದರು, ಹೆಚ್ಚಿನವರು ಗೆಳೆಯರು. ಅವರಿಗೆ ತೊಂದರೆ ಬೇಡವೆಂದು ಫೆಲ್ಡ್‌ಮನ್ ಬದಲಿಸಲಿಲ್ಲ. ರಸ್ತೆ ಅಗಲವಾದ ಮೇಲೂ ನಡುವೆ ಉಳಿದ ಲೈಟ್ ಕಂಬದಂತೆ ಆ ಟ್ಯಾಬ್ ಇಂದಿಗೂ ಅಲ್ಲೇ ಇದೆ. ನಾವೂ ಢಿಕ್ಕಿ ಹೊಡೆದಿದ್ದೇವೆ.

ಆ ಟ್ಯಾಬ್‌ನಿಂದ ರೋಸಿಹೋದವರಲ್ಲಿ ಜೇಮ್ಸ್ ಡಂಕನ್ ಡೇವಿಡ್‌ಸನ್ ಒಬ್ಬರು. ಸನ್ ಕಂಪನಿಯಲ್ಲಿ ಅವರು ಕಟ್ಟುತ್ತಿದ್ದ ಟಾಮ್‌ಕ್ಯಾಟ್, ಜಾವಾದಲ್ಲಿ ಬರೆದ ವೆಬ್ ಅಪ್ಲಿಕೇಶನ್‌ಗಳನ್ನು ನಡೆಸುವ ಸರ್ವರ್. ಮೇಕ್‌ಗೆ ಬರೆದ ಆಜ್ಞೆಗಳು ಒಂದು ಬಗೆಯ ಕಂಪ್ಯೂಟರಿನಲ್ಲಿ ನಡೆದರೆ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. 1999ರಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಮರಳುವಾಗ ವಿಮಾನದಲ್ಲೇ ಅವರು 'ಆ್ಯಂಟ್' ಬರೆದರು. 2000ದಲ್ಲಿ ಅದು ಪ್ರತ್ಯೇಕವಾಗಿ ಹೊರಬಂತು. ಆ್ಯಂಟ್ ಎಂದರೆ ಇರುವೆ, ಪುಟ್ಟದಾದರೂ ದೊಡ್ಡದನ್ನು ಕಟ್ಟುವಂಥದ್ದು.

ನಮ್ಮ ದರದ ಪುಟ ನಡೆಯುವುದೂ ಟಾಮ್‌ಕ್ಯಾಟ್ ಮೇಲೇ. ಜಾವಾ ಫೈಲುಗಳನ್ನು ಕಂಪೈಲ್ ಮಾಡಬೇಕು. ಅವನ್ನೂ ಪುಟಗಳನ್ನೂ ಸೇರಿಸಿ 'ವಾರ್' ಎಂಬ ಒಂದೇ ಗಂಟು ಕಟ್ಟಬೇಕು. ಆ ಗಂಟನ್ನು ಟಾಮ್‌ಕ್ಯಾಟ್‌ನ 'ವೆಬ್‌ಆ್ಯಪ್ಸ್' ಫೋಲ್ಡರ್‌ಗೆ ಹಾಕಬೇಕು. ಗಂಟನ್ನು ಅದೇ ಬಿಚ್ಚಿಕೊಂಡು ನಡೆಸುತ್ತದೆ. ಅವತ್ತು ನಾವು ಈ ಮೂರನ್ನೂ ಬಿಟ್ಟಿದ್ದೆವು.

ಆ್ಯಂಟ್‌ಗೂ 'ಮಾಡು' ಎಂದು ಹೇಳುವವರೊಬ್ಬರು ಬೇಕು. ಅದನ್ನೂ ಮರೆಯಬಹುದಲ್ಲ? ಸನ್ ಕಂಪನಿಯಲ್ಲೇ ಇದ್ದ ಕೊಸುಕೆ ಕವಾಗುಚಿ ಬರೆದ ಕೋಡಿನಿಂದ ಬಿಲ್ಡ್ ಪದೇಪದೇ ಮುರಿದು, ಜೊತೆಯವರು ಸಿಟ್ಟಾಗುತ್ತಿದ್ದರು. 2004ರಲ್ಲಿ ಅವರು 'ಹಡ್ಸನ್' ಶುರುಮಾಡಿದರು. ಯಾರಾದರೂ ಕೋಡ್ ಬದಲಿಸಿದರೆ ಅದು ತಾನೇ ಕಟ್ಟಿ ನೋಡಿ, ಮುರಿದಿದ್ದರೆ ಹೇಳುತ್ತದೆ. ಮುಂದೆ ಒರಾಕಲ್ ಸನ್ ಅನ್ನು ಕೊಂಡಿತು, ಹೆಸರಿನ ಮೇಲೆ ಜಗಳವಾಯಿತು, 2011ರಲ್ಲಿ ಅದೇ 'ಜೆಂಕಿನ್ಸ್' ಆಯಿತು.

ಈಗ ನಾವು ರೇಟು ತಿದ್ದಿ ಉಳಿಸಿದರೆ ಮೂರೂ ಕೆಲಸ ತಾವಾಗೇ ನಡೆಯುತ್ತವೆ. ತಪ್ಪು ರೇಟು ಹಾಕಿದರೆ ಅದೂ ಅಷ್ಟೇ ಬೇಗ ನಿಮ್ಮ ಫೋನಿಗೆ ಬರುತ್ತದೆ. ಅದಕ್ಕೇ ಪುಟ ಬದಲಾದ ಕೂಡಲೇ ಆ ಬೆಳೆಗಾರರಿಗೆ ಫೋನ್ ಮಾಡಿ, ಒಮ್ಮೆ ನೋಡಿ ಹೇಳಿ ಎನ್ನುತ್ತೇವೆ.